ಕೋವಿ ಕದ್ದವನ ಹೆಂಡತಿ

ಗುಂಡ್ಯದ ಕಾಡಿನಲ್ಲಿ ಕಡವೆ ಹೊಡೆದದ್ದಕ್ಕೆ ಅರಣ್ಯ ಇಲಾಖೆಯವರು ಹಿಡಿದದ್ದು ಇಬ್ಬರನ್ನು. ಒಬ್ಬ ತೋಟದ ಧಣಿ ತೀರ್ಥರಾಮರ ಮಗ ಭವಿತ್. ಇನ್ನೊಬ್ಬ ಅದೇ ತೋಟದಲ್ಲಿ ದುಡಿಯುವ, ಮುಗೇರರ ಕಾಲನಿಯ ಸೇಸಪ್ಪ. ಗುಂಡು ಹೊಡೆದವನು ಭವಿತ್. ಮಾಂಸ ಹೊರಲು ಕರೆದಾಗ ಬರುವುದಿಲ್ಲ ಎನ್ನಲಾಗದೆ ಹಿಂದೆ ಹೋದವನು ಸೇಸಪ್ಪ. ಸಂಜೆಯೊಳಗೆ ಭವಿತ್ ಮನೆ ಸೇರಿದ. ಸೇಸಪ್ಪ ಮಂಗಳೂರಿನ ಜೈಲು ಸೇರಿದ.

ಜಾಮೀನಿಗೆ ಜಾಗ ಇದ್ದವರು ಬೇಕು ಎಂದರು ವಕೀಲರು. ಕಾಲನಿಯಲ್ಲಿ ಯಾರ ಹೆಸರಿನಲ್ಲೂ ಅಂಗೈಯಗಲ ಜಾಗವಿರಲಿಲ್ಲ. ಸೇಸಪ್ಪನ ಹೆಂಡತಿ ಭಾಗಿ ತೀರ್ಥರಾಮರ ಅಂಗಳಕ್ಕೆ ಹೋಗಿ ನಿಂತಳು.

“ಧಣಿ, ನೀವೊಂದು ಜಾಮೀನು ನಿಲ್ಲಿ. ಅವರು ನಿಮ್ಮ ಮಗನ ಒಟ್ಟಿಗೇ ಹೋದದ್ದಲ್ವಾ?”

“ಹಾಗೆಲ್ಲ ಹೊರಗೆ ಹೇಳ್ಬೇಡ ಮಾರಾಯ್ತಿ. ನಾನು ನಿಂತ್ರೆ ಕೇಸು ನಮ್ಮ ಮೇಲೆಯೇ ಬರುದು. ಸ್ವಲ್ಪ ತಡಿ, ಎಂತಾದ್ರೂ ಮಾಡುವ.”

ಅವರು ಮಾಡಿದ್ದೇನೆಂದು ಭಾಗಿಗೆ ತಿಳಿದದ್ದು ವಿಚಾರಣೆಯ ದಿನ. ಮನೆಯೊಳಗಿಂದ ಕೋವಿ ಕಳವಾಗಿದೆಯೆಂದು ತೀರ್ಥರಾಮರು ದೂರು ಕೊಟ್ಟಿದ್ದರು. ಭವಿತ್ ಈಗ ಆರೋಪಿಯಲ್ಲ, ಸಾಕ್ಷಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಟಕಟೆ ಹತ್ತಿದವನು, ತಾನು ದಾರಿಬದಿಯಲ್ಲಿ ಚಾ ಕುಡಿಯುತ್ತಿದ್ದಾಗ ಸೇಸಪ್ಪ ಕೋವಿ ಹಿಡಿದು ಕಾಡಿಗೆ ನುಗ್ಗಿದ್ದನ್ನು ಕಂಡೆ ಎಂದ. ಸೇಸಪ್ಪನಿಗೆ ಸರಕಾರ ಕೊಟ್ಟ ವಕೀಲರು, ಕೇಳುವುದೇನೂ ಇಲ್ಲವೆಂದು ಕೂತರು.

ಹಿಂದಿನ ಬೆಂಚಿನಿಂದ ಭಾಗಿ ಎದ್ದಳು.

“ಸುಳ್ಳು ಸಾಮಿ! ಆ ಮನೆಯ ಜಗಲಿ ದಾಟ್ಲಿಕ್ಕೆ ನಮ್ಮನ್ನು ಯಾವತ್ತು ಬಿಟ್ಟಿದ್ದಾರೆ ಕೇಳಿ. ನೀರು ಸಹ ಹೊರಗೆಯೇ ಕೊಡುದು. ಮತ್ತೆ ಒಳಗಿನ ಕೋವಿ ಕದಿಯುದು ಹೇಗೆ?”

ನ್ಯಾಯಾಧೀಶರು ತಲೆಯೆತ್ತಿದರು. ತೀರ್ಥರಾಮರು ನೆಲ ನೋಡಿದರು. ಇನ್ನೇನು ಧಣಿಯನ್ನು ಕೇಳಿಯೇ ಬಿಡುತ್ತಾರೆ ಎಂದುಕೊಂಡಳು ಭಾಗಿ. “ಆ ಹೆಂಗಸನ್ನು ಹೊರಗೆ ಕಳಿಸಿ” ಎಂದರು ನ್ಯಾಯಾಧೀಶರು. ಪೊಲೀಸಿನವಳು ರಟ್ಟೆ ಹಿಡಿದು ಎಳೆದೊಯ್ದಳು. ಅವಳು ಆಡಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.

ಸೇಸಪ್ಪನಿಗೆ ಮೂರು ವರ್ಷ ಶಿಕ್ಷೆಯಾಯಿತು. ಕೋರ್ಟಿನ ಗೇಟಿನ ಬಳಿ ನಿಂತಿದ್ದ ಭಾಗಿಯ ಪಕ್ಕ ತೀರ್ಥರಾಮರು ಕಾರು ನಿಲ್ಲಿಸಿದರು.

“ನಾಳೆಯಿಂದ ಕೆಲಸಕ್ಕೆ ಬಾ. ನಿನ್ನನ್ನು ನಾವು ಕೈಬಿಡುದಿಲ್ಲ.”

“ನಿಮ್ಮ ಅಂಗಳಕ್ಕೆ ಇನ್ನು ನನ್ನ ಹೆಣವೂ ಬರುದಿಲ್ಲ.”

ಆಮೇಲೆ ಸುತ್ತಲಿನ ಯಾವ ತೋಟದವರೂ ಕಳ್ಳನ ಹೆಂಡತಿ ಎಂದು ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಈಗ ಕಡಬದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ. ರಜೆ ಸಿಕ್ಕಿದಾಗ ಮಂಗಳೂರಿಗೆ ಹೋಗುತ್ತಾಳೆ. ಸೇಸಪ್ಪ ಸರಳಿನಾಚೆಯಿಂದ ಪ್ರತಿ ಸಲವೂ ಮೊದಲು ಕೇಳುವುದು ಒಂದೇ ಮಾತು:

“ಧಣಿಗೆ ನಮ್ಮ ಮೇಲೆ ಸಿಟ್ಟು ಇಳಿದಿದ್ಯಾ?”