ಮಹಾರಾಣಿಯ ರಕ್ತ, ಮಗಳ ರಕ್ತ

ನನ್ನ ಹೆಂಡತಿ ತೀರಿಕೊಂಡ ತಿಂಗಳಲ್ಲೇ ಅವಳ ಹಸು ಕರು ಹಾಕಿತು. ಹಸುವಿಗೆ ಮಹಾರಾಣಿ ಎಂದು ಹೆಸರಿಟ್ಟವಳು ಅವಳೇ. ಅವಳ ಮುಂದೆ ಅದು ಮಹಾರಾಣಿ, ನನ್ನ ಮುಂದೆ ಒದೆಯುವ ಕತ್ತೆ. ಹುಟ್ಟಿದ್ದು ಹೆಣ್ಣು ಕರು. ದೇವರ ಮುಂದೆ ಕೈಮುಗಿದು, "ಅವಳನ್ನು ಕರೆದುಕೊಂಡೆ, ಸರಿ. ಇದರ ಮೇಲೆ ಕಣ್ಣು ಹಾಕಿದರೆ ನಾಳೆಯಿಂದ ನೀನು ಯಾರೋ, ನಾನು ಯಾರೋ" ಎಂದು ಪ್ರಾರ್ಥಿಸಿದೆ.

ಎರಡು ದಿನಕ್ಕೆ ಕರು ಮಂಕಾಯಿತು. ಮೊಲೆ ಚೀಪುತ್ತದೆ, ಬಾಯಿ ತುಂಬ ಹಾಲಿನ ನೊರೆ. ಕಿವಿ ಮಾತ್ರ ಜೋತುಬಿದ್ದಿದೆ. ದನದ ಡಾಕ್ಟರಮ್ಮ ಬಂದು ತಾಯಿಯದೊಂದು ನಳಿಕೆ, ಕರುವಿನದೊಂದು ನಳಿಕೆ ರಕ್ತ ತೆಗೆದರು. ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ಕೆಂಪು ಕೆಳಗೆ ಕೂತು ಮೇಲೆ ಹಳದಿ ನೀರು ನಿಂತಿತು. ಅದರ ಹನಿಯನ್ನು ಪುಟ್ಟ ದುರ್ಬೀನಿನಂಥ ಉಪಕರಣದ ಗಾಜಿನ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿದರು.

"ತಾಯೀದು ಗಟ್ಟಿ, ಮಗಳದ್ದು ಬರೀ ನೀರು. ಯಜಮಾನ್ರೇ, ಈ ಕರು ಗಿಣ್ಣು ಹಾಲೇ ಕುಡಿದಿಲ್ಲ."

"ಕುಡಿದಿದೆ ಡಾಕ್ಟ್ರಮ್ಮ. ನಾನೇ ಕಣ್ಣಾರೆ ನೋಡಿದೀನಿ."

"ಅದು ಬರೀ ಹಾಲು. ಹುಟ್ಟಿದ ಕರುವಿನ ರಕ್ತದಲ್ಲಿ ರೋಗ ತಡೆಯೋ ಶಕ್ತಿ ಇರಲ್ಲ. ತಾಯಿ ಅದನ್ನ ಮೊದಲ ಹಾಲಲ್ಲೇ ಕೊಡಬೇಕು. ಕರು ಹಾಕೋಕೆ ಮುಂಚೆ ಯಾರಾದ್ರೂ ಹಾಲು ಕರೆದ್ರಾ?"

ಹೆಂಡತಿ ಹೋದಮೇಲೆ ಕೊಟ್ಟಿಗೆ ನೋಡಿಕೊಳ್ಳುತ್ತಿದ್ದವಳು ಅವಳ ತಂಗಿ, ನನ್ನ ನಾದಿನಿ. ಬಾಗಿಲಲ್ಲಿ ನಿಂತಿದ್ದವಳ ಮುಖ ಇಳಿಯಿತು.

"ನಾನೇ, ಭಾವ. ಕೆಚ್ಚಲು ಕಲ್ಲಾಗಿತ್ತು. ಪಾಪ, ಒದ್ದಾಡ್ತಿತ್ತು. ದಿನಾ ಕರೆದುಬಿಟ್ಟೆ."

"ಕರೆದು ಏನ್ ಮಾಡ್ದೆ?"

"ಬೆಕ್ಕಿಗೆ ಹಾಕ್ದೆ."

ಗೋಡೆಯ ಮೇಲಿದ್ದ ಬೆಕ್ಕು ಯಾವ ರೋಗಕ್ಕೂ ಹೆದರುವ ಹಾಗೆ ಕಾಣಲಿಲ್ಲ.

"ಬೇರೆ ಹಸುವಿನ ಗಿಣ್ಣು ತಂದ್ರೆ?" ಎಂದು ಕೇಳಿದೆ.

"ಹೊತ್ತು ಮೀರಿದೆ. ಕರುಳು ಇನ್ನು ಅದನ್ನ ರಕ್ತಕ್ಕೆ ಬಿಡಲ್ಲ. ಹಾಲಲ್ಲಿ ತಪ್ಪಿದ್ದನ್ನ ನೇರ ರಕ್ತಕ್ಕೇ ಕೊಡೋಣ. ತಾಯಿ ರಕ್ತ ತೆಗೆದು, ಆ ಹಳದಿ ನೀರನ್ನ ಮಗಳಿಗೆ ಏರಿಸ್ತೀನಿ. ಉಳಿಯುತ್ತೆ ಅಂತ ಮಾತ್ರ ಮಾತು ಕೊಡಲ್ಲ."

ಮಹಾರಾಣಿಯನ್ನು ಹಿಡಿದುಕೊಳ್ಳುವ ಭಾಗ್ಯ ನನ್ನದಾಯಿತು. ಮೊಣಕಾಲಿಗೆ ಸರಿಯಾಗಿ ಒಂದು ಕೊಟ್ಟಿತು. ನಾನು ದೇವರ ನಾಮ ಹೇಳುತ್ತಿದ್ದೆ. ನಡುನಡುವೆ ಬೇರೆ ಮಾತುಗಳೂ ಬಂದವು.

"ಇದು ಯಾವ ಸ್ತೋತ್ರ ಯಜಮಾನ್ರೇ?" ಎಂದರು ಡಾಕ್ಟರಮ್ಮ.

ಹಳದಿ ನೀರು ಹನಿಹನಿಯಾಗಿ ಕರುವಿನ ಕುತ್ತಿಗೆಗೆ ಇಳಿಯಿತು. ನಾದಿನಿ ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು.

"ಅಕ್ಕ ಇದ್ದಿದ್ರೆ ನನ್ನ ಚರ್ಮ ಸುಲೀತಿದ್ಲು."

"ಅದಕ್ಕೆ ಹೊತ್ತು ಎಲ್ಲಿಂದ ಬರ್ಬೇಕು? ಅವಳಿಗೆ ನನ್ನನ್ನ ಬಯ್ಯೋಕೇ ಹೊತ್ತು ಸಾಲ್ತಿರ್ಲಿಲ್ಲ."

ಇಬ್ಬರಿಗೂ ನಗು ಬಂತು.

ಮರುದಿನ ಡಾಕ್ಟರಮ್ಮ ಮತ್ತೆ ರಕ್ತ ನೋಡಿದರು. "ತಾಯಿಯಷ್ಟು ಗಟ್ಟಿಯಾಗಿಲ್ಲ. ಬದುಕೋಕೆ ಸಾಕು."

ಕರು ಎದ್ದಿತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಹೋದವು. ಹೇಗೋ ಒಟ್ಟುಮಾಡಿಕೊಂಡು ತಾಯಿಯನ್ನು ಬಿಟ್ಟು ನಾದಿನಿಯ ಬೆರಳು ಚೀಪತೊಡಗಿತು.

"ಬಿಡಿಸ್ಕೊಳ್ಳೇ, ಅಲ್ಲೇನಿದೆ ಅದಕ್ಕೆ?" ಎಂದೆ.

"ಇರ್ಲಿ ಭಾವ," ಎಂದು ಅವಳು ಇನ್ನೊಂದು ಬೆರಳನ್ನೂ ಕೊಟ್ಟಳು.