ಹೆಸರಿಲ್ಲದ ಚಿತ್ರದ ಮುಂದೆ

ಸಿದ್ದಲಿಂಗ ಮಾಸ್ತರರು ಅಫಜಲಪುರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದವರು. ತಾಲೂಕಿನಲ್ಲಿ ಅವರ ಕುಂಚ ತಾಗದ ಗೋಡೆ ಕಡಿಮೆ. ಅತನೂರಿನ ಮಠದಲ್ಲಿ ಕುದುರೆಯ ಮೇಲೆ ಕೂತ ಬಸವಣ್ಣ, ಗೊಬ್ಬೂರಿನ ಶಾಲೆಯಲ್ಲಿ ಭಾರತದ ನಕಾಶೆ, ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ನೀರು ಕುಡಿಯುವ ಎರಡು ಹುಲಿ, ಎಲ್ಲ ಅವರವೇ. ಆ ಹುಲಿಗಳ ಮೀಸೆಯ ಕೂದಲನ್ನು ಬೇಕಾದರೆ ಎಣಿಸಬಹುದಿತ್ತು. "ಕಂಡದ್ದು ಕಂಡ್ಹಾಂಗ ಬರೀರಿ" ಎಂಬುದೊಂದೇ ಅವರ ಪಾಠ. ಮಾವಿನಹಣ್ಣು ಬರೆದರೆ ಬಾಯಲ್ಲಿ ನೀರೂರಬೇಕು, ಕೊಡ ಬರೆದರೆ ಎತ್ತಿಕೊಳ್ಳಲು ಕೈ ಹೋಗಬೇಕು.

ಆದರೆ ಅಷ್ಟು ವರ್ಷ ಕಲೆಯ ಇತಿಹಾಸ ಬೋಧಿಸಿದ ಮಾಸ್ತರರು ಒಂದೇ ಒಂದು ದೊಡ್ಡ ಚಿತ್ರವನ್ನು ಕಣ್ಣಾರೆ ಕಂಡಿರಲಿಲ್ಲ. ಅವರು ಕಂಡಿದ್ದೆಲ್ಲ ಪಠ್ಯಪುಸ್ತಕದ ಹಾಳೆಯ ಮೂಲೆಯಲ್ಲಿ ಕಡ್ಡಿಪೆಟ್ಟಿಗೆಯಷ್ಟೇ ದೊಡ್ಡದಾಗಿ, ಮಸಿ ಕಲಸಿದ ಹಾಗೆ ಅಚ್ಚಾದ ಪಡಿಯಚ್ಚುಗಳು. ಅದರಲ್ಲೇ ಬಣ್ಣವನ್ನು ಊಹಿಸಿಕೊಂಡು, ಕೈಯಾಡಿಸಿ ವರ್ಣಿಸಿ, ಮಕ್ಕಳಿಗೆ ಹೇಳಿ ಬಂದಿದ್ದರು. ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು ಮನೆಗೆ ಬಂದವರೇ ಹೆಂಡತಿಗೆ ಹೇಳಿದರು: "ಸುಮಿತ್ರಾ, ಒಮ್ಮೆ ಮುಂಬಯಿಗೆ ಹೋಗಿ ಮ್ಯೂಜಿಯಂ ನೋಡಬೇಕ್ ನೋಡು. ಇಲ್ಲಾಂದ್ರ ನಾ ಕಲಿಸಿದ್ದು ಖರೇನೋ ಸುಳ್ಳೋ ನನಗ ತಿಳಿಯೂದಿಲ್ಲ."

ಆ ಯೋಗ ಕೂಡಿಬಂದದ್ದು ಮರುವರ್ಷ. ಸುಮಿತ್ರಾಬಾಯಿಯ ತಂಗಿ ಸುಂದರಬಾಯಿ ಮುಂಬಯಿಯಲ್ಲಿದ್ದಳು. ಅವಳ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಕರೆ ಬಂತು. ಸೊಲ್ಲಾಪುರದವರೆಗೆ ಬಸ್ಸು, ಅಲ್ಲಿಂದ ರೈಲು. ಕಾರ್ಯ ಮುಗಿದ ಮೇಲೆ ಎರಡು ದಿನ ಉಳಿದಿದ್ದವು. ಸುಂದರಬಾಯಿ ಸಮುದ್ರ ನೋಡಿ ಬರ್ರಿ ಅಂದಳು. ಮಾಸ್ತರರು ಒಪ್ಪಲಿಲ್ಲ. "ಸಮುದ್ರ ಎಲ್ಲಿಗಿ ಹೋಗ್ತದ?" ಎಂದರು.

ಮೊದಲನೆಯ ದಿನ ಹೋದದ್ದು ಹಳೆಯ ಮ್ಯೂಜಿಯಮ್ಮಿಗೆ. ಅಲ್ಲಿ ಮಾಸ್ತರರು ಸ್ವಂತ ಮನೆಗೆ ಬಂದವರಂತೆ ನಡೆದಾಡಿದರು. ಕಲ್ಲಿನ ಅಪ್ಸರೆಯರ ನಡುವಿನ ಬಾಗು, ಅರಮನೆಯ ಚಿತ್ರಕಾರರು ಬರೆದ ಅಂಗುಲದಷ್ಟು ಆನೆಗಳು, ಎಣ್ಣೆಬಣ್ಣದ ರಾಜರಾಣಿಯರು. ರೇಷ್ಮೆ ಸೀರೆಯುಟ್ಟ ಹೆಂಗಸಿನ ಚಿತ್ರವೊಂದರ ಮುಂದೆ ನಿಂತು ಅವರು ಹೆಂಡತಿಯನ್ನು ಕೈಬೀಸಿ ಕರೆದರು.

"ನೋಡಿಲ್ಲಿ ನೋಡು. ಆ ನೆರಿಗಿ ಒಳಗ ಬಿದ್ದ ನೆರಳಿನಾಗ ಹಸರು ಅದ, ಮ್ಯಾಲ ಕೆಂಪು ಅದ. ಒಂದ ಸೀರಿಗಿ ಎರಡು ಬಣ್ಣ. ಇದನ್ನ ನಾ ಹತ್ತನೆತ್ತೆ ಹುಡುಗರಿಗಿ ಕಲಿಸ್ತಿದ್ನಿ."

"ಹೌದ್ರಿ, ಕೈ ಹಾಕಿ ಮಡಿಚಿ ಇಡಬೇಕು ಅನಸ್ತದ," ಎಂದಳು ಸುಮಿತ್ರಾಬಾಯಿ. ಅವಳ ಕಾಲು ನೋಯುತ್ತಿತ್ತು. ಗಂಡ ಹೇಳಿದ್ದಕ್ಕೆಲ್ಲ ತಲೆದೂಗಿದಳು. ಮದುವೆಯಾಗಿ ಮೂವತ್ನಾಲ್ಕು ವರ್ಷದಲ್ಲಿ ಚಿತ್ರದ ವಿಷಯವಾಗಿ ಅವಳು ಬೇರೇನೂ ಮಾಡಿರಲಿಲ್ಲ.

ಎರಡನೆಯ ದಿನ ಹೊಸ ಕಾಲದ ಚಿತ್ರಗಳಿರುವ ಮ್ಯೂಜಿಯಮ್ಮಿಗೆ ಹೋದರು. ಒಳಗೆ ಕಾಲಿಟ್ಟ ಹತ್ತು ನಿಮಿಷದಲ್ಲಿ ಮಾಸ್ತರರ ಮುಖ ಇಳಿಯಿತು. ಒಂದು ಕೋಣೆಯಲ್ಲಿ ತುಕ್ಕು ಹಿಡಿದ ಡಬ್ಬಿಗಳನ್ನು ಸೂರಿನಿಂದ ಇಳಿಬಿಟ್ಟಿದ್ದರು. ಇನ್ನೊಂದರಲ್ಲಿ ಮನುಷ್ಯನ ಮುಖದ ಮೇಲೆ ಮೂರು ಮೂಗು. ಮತ್ತೊಂದು ಹಲಗೆಯ ಮೇಲೆ ಹಳದಿ ಬಣ್ಣ ಚೆಲ್ಲಿ, ಅದು ಹರಿದಷ್ಟು ಹರಿಯಲು ಬಿಟ್ಟಿದ್ದರು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಏನ್ರಿ ಇದು?" ಸುಮಿತ್ರಾಬಾಯಿ ಕೇಳಿದಳು.

ಮಾಸ್ತರರು ಚಿತ್ರಕ್ಕೆ ಬೆನ್ನು ತಿರುಗಿಸಿದರು. "ಏನೂ ಇಲ್ಲ," ಎಂದರು ಸಿಟ್ಟಿನಿಂದ. "ನಮ್ಮ ಸಾಲ್ಯಾಗ ಹಿಂಗ ಬರದಿದ್ರ ಬೆಂಚಿನ ಮ್ಯಾಲ ನಿಂದ್ರಸ್ತಿದ್ನಿ."

ಮೇಲಿನ ಅಂತಸ್ತಿನ ಕೊನೆಯ ಕೋಣೆಯಲ್ಲಿ ಒಂದೇ ಒಂದು ಚಿತ್ರವಿತ್ತು. ನೆಲದಿಂದ ಹೆಚ್ಚುಕಡಿಮೆ ಸೂರಿನವರೆಗೆ, ಒಂದು ಗೋಡೆಗೆ ಗೋಡೆಯೇ ತುಂಬಿ, ಕಪ್ಪು. ಬರೀ ಕಪ್ಪು. ಒಂದು ಗೆರೆಯಿಲ್ಲ, ಗುರುತಿಲ್ಲ. ಎದುರಿಗೆ ಮರದ ಬೆಂಚು, ಬಾಗಿಲ ಬಳಿ ಕುರ್ಚಿಯ ಮೇಲೆ ಕಾವಲಿನ ಹೆಂಗಸು. ಮಾಸ್ತರರು ಗೋಡೆಯ ಮೇಲಿನ ಚೀಟಿ ಓದಿದರು. ಬರೆದವರ ಹೆಸರಿತ್ತು, ಚಿತ್ರಕ್ಕೆ ಹೆಸರಿಲ್ಲವೆಂದು ಬರೆದಿತ್ತು.

"ಹೆಸರು ಸುದ್ದ ಇಟ್ಟಿಲ್ಲ ಇಂವಾ!" ಎಂದು ಗೊಣಗುತ್ತ, ಕುಂಚದ ಗುರುತಾದರೂ ಕಾಣುತ್ತದೋ ನೋಡೋಣವೆಂದು ಅವರು ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

"ಗೆರಿ ದಾಟಬ್ಯಾಡ್ರಿ ಸರ," ಎಂಬ ಮಾತು ಬೆನ್ನ ಹಿಂದಿನಿಂದ ಬಂತು.

ಮಾಸ್ತರರು ಹೌಹಾರಿ ತಿರುಗಿದರು. ಕಾವಲಿನ ಹೆಂಗಸು ಎದ್ದು ನಿಂತಿದ್ದಳು. ನೆಲದ ಮೇಲೆ ಎಳೆದಿದ್ದ ಬಿಳಿ ಗೆರೆಯನ್ನು ತೋರಿಸಿ ನಗುತ್ತಿದ್ದಳು. ಐವತ್ತರ ಆಸುಪಾಸು, ಖಾಕಿ ಅಂಗಿ, ತಲೆಗೆ ದುಪಟ್ಟಾ.

"ನೀವು ನಮ್ಮ ಕಡಿಯವರೇನವಾ?" ಸುಮಿತ್ರಾಬಾಯಿ ಬೆರಗಿನಿಂದ ಕೇಳಿದಳು.

"ನಮ್ಮೂರು ಆಳಂದರಿ. ಮಸರತ ಅಂತ ನನ್ನ ಹೆಸರು. ಲಗ್ನ ಆಗಿ ಈ ಊರಿಗಿ ಬಂದು ಇಪ್ಪತ್ತೆರಡು ವರ್ಷ ಆದವು. ಸರ ಬಯ್ಯೂದು ಕೇಳಿ ನನಗ ತವರ ಮನಿಗಿ ಹೋದ್ಹಂಗ ಆತು."

ಮಾಸ್ತರರು ನಾಚಿದರು. ಆದರೂ ಒಳಗಿನ ಕುದಿತ ಆರಿರಲಿಲ್ಲ. "ನೀನರ ಹೇಳವಾ ತಂಗಿ. ದಿನಾ ನೋಡ್ತಿ. ಏನದ ಇದರಾಗ?"

"ನನಗೇನು ತಿಳೀತದರಿ ಸರ? ನಾ ಏಳನೆತ್ತೆ ಕಲ್ತಾಕಿ." ಮಸರತ ಚಿತ್ರದ ಕಡೆ ತಿರುಗಿದಳು. "ಮೊದಲ ಮೊದಲ ನನಗ ಬ್ಯಾಸರಾ ಆಗ್ತಿತ್ತು. ಮಂದಿ ಬರ್ತಾರ, ಫೋಟೋ ಹೊಡಕೋತಾರ, ಹೋಗ್ತಾರ. ಅರ್ಧಾ ನಿಮಿಷ. ನಾ ಮಾತ್ರ ಎಂಟು ತಾಸು ಇದರ ಮುಂದನೇ ಕೂಡಬೇಕಲ್ರಿ? ಒಂದಿನ ಏನಾತೋ ಏನೋ. ಈಗ ನಮ್ಮ ಸಾಹೇಬರು ಬ್ಯಾರೆ ರೂಮಿಗಿ ಹಾಕ್ತೇನಿ ಅಂದ್ರೂ ನಾ ಒಲ್ಲೆ ಅಂತೇನಿ."

"ಏನಾತು ಅವತ್ತು?"

"ಅದು ಹೇಳಾಕ ಬರಂಗಿಲ್ರಿ. ಕುಂದರ್ರಿ ಸ್ವಲ್ಪ."

ಮಾಸ್ತರರಿಗೆ ಕೂಡುವ ಮನಸ್ಸಿರಲಿಲ್ಲ. ಹೋಗೋಣವೆಂದು ಹೆಂಡತಿಯ ಕಡೆ ನೋಡಿದರೆ, ಅವಳು ಆಗಲೇ ಬೆಂಚಿನ ಮೇಲೆ ಕೂತಿದ್ದಳು. ಕಾಲು ನೋವೆಂದು ಕೂತವಳಂತೆ ಕಾಣಲಿಲ್ಲ. ಬೆನ್ನು ನೆಟ್ಟಗಿತ್ತು. ಎರಡೂ ಕೈ ತೊಡೆಯ ಮೇಲಿದ್ದವು. ಕಣ್ಣು ರೆಪ್ಪೆ ಬಡಿಯದೆ ಆ ಕಪ್ಪಿನ ಮೇಲೆ ನಿಂತಿತ್ತು.

"ಸುಮಿತ್ರಾ, ನಡಿ. ಕೆಳಗ ಇನ್ನೊಂದು ರೂಮದ."

ಅವಳು ಕೂತೇ ಇದ್ದಳು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಮಾಸ್ತರರು ಕೋಣೆಯ ಉದ್ದಕ್ಕೂ ನಾಲ್ಕು ಸಲ ಅಡ್ಡಾಡಿದರು. ಯಾರೋ ಇಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು. ಹೆಂಡತಿಯ ಮುಖದಲ್ಲಿ ಏನೋ ಬದಲಾಗುತ್ತಿರುವುದನ್ನು ಮಾಸ್ತರರು ಕಂಡರು. ಹಣೆಯ ಗೆರೆಗಳು ಸಡಿಲವಾಗಿದ್ದವು. ತುಟಿ ಸ್ವಲ್ಪ ತೆರೆದಿತ್ತು. ಈ ಮುಖವನ್ನು ಎಲ್ಲಿಯೋ ನೋಡಿದ್ದೇನೆ ಅನ್ನಿಸಿತು. ನೆನಪಾಗಲು ಒಂದು ಕ್ಷಣ ಹಿಡಿಯಿತು. ದಿನಾ ಬೆಳಗಿನ ಲಿಂಗಪೂಜೆಯಲ್ಲಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಅವಳು ಕೂತಾಗ ಇರುತ್ತಿದ್ದ ಮುಖವದು. ಮಾಸ್ತರರ ಪೂಜೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು, ಶಾಲೆಯ ಗಂಟೆಯ ಅವಸರ. ಅವಳು ಮಾತ್ರ ಒಲೆಯ ಮೇಲಿನ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ.

"ಏನ್ ಕಾಣಾಕತ್ತದ ನಿನಗ?" ಅವರು ಮೆಲ್ಲಗೆ ಕೇಳಿದರು.

"ಹಂಗ ಕೇಳಬಾರ್ದ್ರಿ," ಎಂದಳು ಅವಳು, ಕಣ್ಣು ತೆಗೆಯದೆ. "ಅಂಗೈಯಾಗಿನ ಲಿಂಗಾ ನೋಡ್ತೇವಿ. ಅದೂ ಕರೀದೇ. ಅದರಾಗ ಏನ್ ಕಾಣ್ತದ ಅಂತ ಯಾರರ ಕೇಳ್ತಾರೇನು? ಇದು ಲಿಂಗ ಅಲ್ಲ ಬಿಡ್ರಿ, ಹಂಗಂದ್ರ ತಪ್ಪಾಗ್ತದ. ಆದ್ರ ನೋಡೂದು ಒಂದೇ. ನೀವು ಹುಡುಕಾಕತ್ತೀರಿ. ಹುಡುಕಬ್ಯಾಡ್ರಿ. ಬಾಜೂಕ ಕುಂದರ್ರಿ."

ಮಾಸ್ತರರು ಕೂತರು. ಹೆಂಡತಿ ತಮಗೆ ಚಿತ್ರ ನೋಡುವುದನ್ನು ಹೇಳಿಕೊಡುತ್ತಿದ್ದಾಳೆಂಬುದು ಕೂತ ಮೇಲೆ ಹೊಳೆಯಿತು.

ಮೊದಲಿಗೆ ಬಾಗಿಲಿನ ಬೆಳಕಿನ ಮಬ್ಬು ಬಿಂಬವೊಂದೇ ಕಂಡಿತು. ಆಮೇಲೆ ಅದೂ ಮಾಯವಾಯಿತು. ಮಾಸ್ತರರ ಮನಸ್ಸು ಹಳೆಯ ಚಾಳಿಯಂತೆ, ನಕಲು ತೆಗೆಯುವವರ ಹಾಗೆ, ಚಿತ್ರದ ಮೇಲೆ ಅಳತೆಯ ಚೌಕ ಹಾಕಲು ನೋಡಿತು. ಚೌಕ ನಿಲ್ಲಲಿಲ್ಲ. ಬಿಟ್ಟರು. ಎಷ್ಟು ಹೊತ್ತಾಯಿತೋ, ಎಡಗಡೆಯ ಕಪ್ಪು ಕಪ್ಪಲ್ಲ ಅನ್ನಿಸತೊಡಗಿತು. ಅದರೊಳಗೆ ಮಣ್ಣುಗೆಂಪಿತ್ತು, ಬೆಂಕಿ ಆರಿದ ಮೇಲೆ ಇಟ್ಟಿಗೆಯ ಭಟ್ಟಿಯ ಒಡಲಲ್ಲಿ ಉಳಿಯುವಂಥದ್ದು. ಬಲಗಡೆಯದು ನೀಲಿ. ನೀಲಿಯೂ ಒಂದಲ್ಲ. ಒಂದರ ಹಿಂದೆ ಒಂದು ತೆರೆ ಕಟ್ಟಿದ ಹಾಗೆ ಇದ್ದವು. ಕೆಂಪು ಎಲ್ಲಿ ಮುಗಿದು ನೀಲಿ ಎಲ್ಲಿ ಶುರುವಾಯಿತೆಂದು ನೋಡಹೋದರೆ ಎರಡೂ ಹಿಂದೆ ಸರಿದು ಮತ್ತೆ ಬರೀ ಕಪ್ಪಾಗುತ್ತಿತ್ತು. ಕಣ್ಣನ್ನು ಸುಮ್ಮನೆ ಬಿಟ್ಟರೆ ತಾವಾಗಿಯೇ ಬರುತ್ತಿದ್ದವು.

ಮಾಸ್ತರರು ಬೆಂಚಿನ ಅಂಚಿಗೆ ಸರಿದು ಕೂತರು. ಬಣ್ಣದ ಕೆಲಸ ಅವರಿಗೆ ಹೊಸದಲ್ಲ. ಕಪ್ಪಿನ ಮೇಲೆ ಕಪ್ಪು ಹಚ್ಚಿದರೆ ಕೆಸರಾಗುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಇಲ್ಲಿ ಒಬ್ಬ ಮನುಷ್ಯ ಎಷ್ಟು ಸಲ, ಎಷ್ಟು ತೆಳುವಾಗಿ, ಒಂದು ಒಣಗಲು ಎಷ್ಟು ದಿನ ಕಾದು ಇನ್ನೊಂದನ್ನು ಹಚ್ಚಿದ್ದಾನೆ? ತನ್ನ ಕುಂಚ ಹೋದ ದಾರಿಯನ್ನೆಲ್ಲ ತಾನೇ ಅಳಿಸಿದ್ದಾನೆ. ತಾವು ಹುಲಿಯ ಮೀಸೆ ಎಣಿಸುವಂತೆ ಬರೆದದ್ದು ನೋಡಿದವರು ಶಹಬಾಸ್ ಅನ್ನಲೆಂದು. ಇವನು ಶಹಬಾಸ್ ಅನ್ನಲು ಒಂದು ಗೆರೆಯನ್ನೂ ಬಿಟ್ಟಿಲ್ಲ.

ಆಮೇಲೆ ಆ ಲೆಕ್ಕಾಚಾರವೂ ನಿಂತಿತು. ಗೋಡೆ ಇರಲಿಲ್ಲ. ಇದ್ದದ್ದು ಆಳ. ಅದು ಮೆಲ್ಲಗೆ ಮುಂದೆ ಬರುತ್ತಿತ್ತು, ಅಥವಾ ತಾವೇ ಅದರೊಳಕ್ಕೆ ಹೋಗುತ್ತಿದ್ದರು. ಹೆದರಿಕೆಯೂ ಆಯಿತು. ಎದ್ದು ಹೋಗಬೇಕೆಂದು ಮಾತ್ರ ಅನ್ನಿಸಲಿಲ್ಲ. ನಾಲ್ಕು ಜನರ ಎದುರು ಒಮ್ಮೆಯೂ ಹೆಂಡತಿಯ ಕೈ ಮುಟ್ಟಿರದ ಸಿದ್ದಲಿಂಗ ಮಾಸ್ತರರು ಪಕ್ಕಕ್ಕೆ ಕೈ ಚಾಚಿ ಸುಮಿತ್ರಾಬಾಯಿಯ ಮುಂಗೈ ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ.

ಮಸರತ ಬಂದು "ಬಂದ್ ಮಾಡೂ ಟೈಮ್ ಆತ್ರಿ" ಎಂದಾಗ ಆರು ಗಂಟೆ. ಮೂರು ತಾಸು ಕೂತಿದ್ದರು. ಮಾಸ್ತರರ ಕಣ್ಣಂಚು ಒದ್ದೆಯಾಗಿತ್ತು. ಮಸರತ ತನಗೆಲ್ಲ ಗೊತ್ತಿದೆ ಎಂಬಂತೆ ತಲೆಯಾಡಿಸಿ, ತನ್ನ ಫೋನ್ ನಂಬರನ್ನು ಸುಮಿತ್ರಾಬಾಯಿಗೆ ಹೇಳಿ ಬರೆಸಿದಳು. ಹೊರಗೆ ಬಂದರೆ ಬಸ್ಸುಗಳು, ಹಾರ್ನು, ಸಂಜೆಯ ಬಿಸಿಲು. ಮಾಸ್ತರರಿಗೆ ಎಲ್ಲದರ ಬಣ್ಣ ಕಣ್ಣಿಗೆ ಹೊಡೆಯುವಂತೆ ಕಂಡಿತು. ರಸ್ತೆ ದಾಟುವಾಗ ಡಾಂಬರಿನ ಕಪ್ಪಿನಲ್ಲೂ ಏನೋ ಇದೆಯೆಂದು ನಿಂತುಬಿಟ್ಟರು. ಸುಮಿತ್ರಾಬಾಯಿ ತೋಳು ಹಿಡಿದು ಎಳೆದುಕೊಂಡು ಹೋದಳು.

ಊರಿಗೆ ಬಂದ ಮೇಲೆ ಮೊದಲು ಭೇಟಿಗೆ ಬಂದವರು ಅರುಣಕುಮಾರ ಮಾಸ್ತರರು, ಅದೇ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದವರು. ಏನೇನು ನೋಡಿದಿ ಎಂದು ಕೇಳಿದರು. ಸಿದ್ದಲಿಂಗ ಮಾಸ್ತರರು ಹೇಳಲು ಹೊರಟು, ನಾಲ್ಕು ಮಾತಿಗೇ ತಡವರಿಸಿದರು.

"ಅಂದ್ರ ಗ್ವಾಡಿ ತುಂಬ ಕರೀ ಬಣ್ಣಾ ಹಚ್ಚಿದ್ದು," ಎಂದರು ಅರುಣಕುಮಾರ. "ಅದಕ್ಕ ಮುಂಬಯಿತನಕ ಯಾಕ ಹೋದೆಪಾ? ನಮ್ಮ ಸಾಲ್ಯಾಗ ಕ್ಲಾಸಿಗೊಂದು ಕರೀಹಲಗಿ ಇತ್ತು."

ಸಿದ್ದಲಿಂಗ ಮಾಸ್ತರರು ಬಿದ್ದು ಬಿದ್ದು ನಕ್ಕರು. ವಾದ ಮಾಡಬೇಕೆಂದು ಅನ್ನಿಸಲಿಲ್ಲ. ಹದಿನೈದು ದಿನದ ಹಿಂದಾಗಿದ್ದರೆ ಆ ಮಾತನ್ನು ತಾವೇ ಆಡುತ್ತಿದ್ದರು.

ಆದರೆ ಕೈ ಸುಮ್ಮನಿರಲಿಲ್ಲ. ಪಡಸಾಲೆಯಲ್ಲಿ ಒಂದು ಹಲಗೆ ನಿಲ್ಲಿಸಿ, ಮಣ್ಣುಗೆಂಪಿನ ಮೇಲೆ ನೀಲಿ, ನೀಲಿಯ ಮೇಲೆ ಕಪ್ಪು ಹಚ್ಚುತ್ತ ಹೋದರು. ಮೊದಲನೆಯದು ಡಾಂಬರಾಯಿತು. ಎರಡನೆಯದು ತವೆಯ ಬೆನ್ನಾಯಿತು. ಹಚ್ಚಿದ್ದು ಒಣಗಲು ಕಾಯುವುದೇ ದೊಡ್ಡ ಕಷ್ಟ, ಇಷ್ಟು ವಯಸ್ಸಾದರೂ ಅವರಿಗೆ ಕಾಯಲು ಬರುತ್ತಿರಲಿಲ್ಲ. ಪ್ರತಿ ಸಲ ಮುಗಿದಾಗ ಸುಮಿತ್ರಾಬಾಯಿಯನ್ನು ಕರೆಯುತ್ತಿದ್ದರು. ಅವಳು ಕೈ ಒರೆಸಿಕೊಂಡು ಬಂದು, ಮಣೆ ಹಾಕಿಕೊಂಡು ಕೂತು, ಕಾಲು ತಾಸು ನೋಡಿ ಹೇಳುತ್ತಿದ್ದಳು: "ಇನ್ನೂ ನೀವು ಕಾಣಾಕತ್ತೀರಿ ಅದರಾಗ."

ಏಳನೆಯ ಹಲಗೆಗೆ ಮಾತ್ರ ಅವಳು ಆ ಮಾತು ಹೇಳಲಿಲ್ಲ. ಕೆಳಗಿನ ಬಲ ಮೂಲೆಯಲ್ಲಿ ಅಂಗೈಯಷ್ಟು ಜಾಗವನ್ನು ತೋರಿಸಿ, "ಇಲ್ಲಿ ನೋಡ್ರಿ," ಎಂದಳು. ಮಾಸ್ತರರು ನೋಡಿದರು. ಅಷ್ಟೇ ಅಗಲದಲ್ಲಿ, ಹೇಗೋ, ಕಪ್ಪು ಹಿಂದೆ ಸರಿದು ಆಳವಾಗಿತ್ತು. ಅದನ್ನು ಮಾಡಿದ್ದು ಹೇಗೆಂದು ಅವರಿಗೇ ತಿಳಿಯಲಿಲ್ಲ. ಇಬ್ಬರೂ ಮಣೆಯ ಮೇಲೆ ಕೂತು ಆ ಅಂಗೈಯಗಲದ ಜಾಗವನ್ನು ಬಹಳ ಹೊತ್ತು ನೋಡಿದರು.

ದೀಪಾವಳಿಯ ಹೊತ್ತಿಗೆ ಮಸರತಳ ಫೋನು ಬಂತು. ಕರೀ ಚಿತ್ರವನ್ನು ಇಳಿಸಿ ಬೇರೆ ಊರಿನ ಮ್ಯೂಜಿಯಮ್ಮಿಗೆ ಕಳಿಸಿದರಂತೆ, ಒಂದು ವರ್ಷದ ಮಟ್ಟಿಗೆ ಹೈದರಾಬಾದಿಗೆ. ಈಗ ಆ ಕೋಣೆಯಲ್ಲಿ ಕಬ್ಬಿಣದ ತಂತಿಯ ದೊಡ್ಡ ಗುಡ್ಡೆ ಹಾಕಿದ್ದಾರೆ, ಬೇಲಿ ಕಿತ್ತು ಒಗೆದಂತಿದೆ ಎಂದಳು.

"ನನಗಂತೂ ಏನೂ ತಿಳೀವಲ್ದು ಅಕ್ಕಾ," ಅವಳ ದನಿಯಲ್ಲಿ ಅಳುವಿತ್ತು. "ಎಂಟು ತಾಸು ಅದರ ಮುಂದ ಹೆಂಗ ಕೂಡ್ಲಿ?"

"ಕುಂದ್ರು ಕುಂದ್ರು," ಎಂದಳು ಸುಮಿತ್ರಾಬಾಯಿ. "ಅದಕ್ಕೂ ಸ್ವಲ್ಪ ದಿನ ಕೊಡಬೇಕವಾ. ನಾವೂ ನೋಡಾಕ ಬರ್ತೇವಿ."

ಪಕ್ಕದಲ್ಲಿ ಕಿವಿಗೊಟ್ಟು ನಿಂತಿದ್ದ ಮಾಸ್ತರರು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಎಲ್ಲಿಗ್ರಿ?"

"ಬಸ್‌ಸ್ಟ್ಯಾಂಡಿಗಿ. ಹೈದರಾಬಾದ ಬಸ್ ಎಷ್ಟಕ್ಕದ ಕೇಳಿ ಬರ್ತೇನಿ."