ಕರಗದ ಚೀಲ

ಸೌಟಿನ ಸುತ್ತ ಚೀಲದ ಗಂಜಿ ಗಾಜಿನಂತಾಗುತ್ತಿದೆ, ಮರಗೆಣಸಿನ ಹಿಟ್ಟು, ನೀರು, ಗ್ಲಿಸರಿನ್, ಇನ್ನು ಉರಿ ಸಣ್ಣ ಮಾಡಬೇಕು, ಕೈ ತಾನಾಗಿ ಮಾಡುತ್ತದೆ, ಕೈಗೆ ದುಃಖವಿಲ್ಲ, ನನಗೂ ಇಲ್ಲವೇನೋ — ಹೊರಗೆ ತ್ಯಾಗರಾಜನಗರದ ಬೀದಿಯಲ್ಲಿ ಸೊಪ್ಪಿನ ಚಿಕ್ಕಮುನಿಯಮ್ಮ ದಂಟೂ ಮೆಂತ್ಯಾ ಎಂದು ಕೂಗುತ್ತಾಳೆ, ಅಮ್ಮಾ ನಿಮ್ ಕವರ್‌ಗೆ ಒದ್ದೆ ಸೊಪ್ ಇಕ್ಕಿದ್ರೆ ಅಂಬಲಿ ಆಯ್ತದೆ ಎಂದು ನಕ್ಕವಳು ಅವಳೇ, ಆ ರಾತ್ರಿ ನಮ್ಮ ಮನೆಯವರು ಊಟಕ್ಕೆ ಕೂತು, ಅಂಬುಜಾ, ಈ ಕವರ್ ಮಾರೋದಾ, ಇಲ್ಲ ಉಪ್ಪಿನಕಾಯಿ ಜೊತೆ ಬಡ್ಸೋದಾ ಹೇಳ್ಬಿಡು ಎಂದರು, ಆ ಛಲಕ್ಕೇ ವಿಡಿಯೋ ನೋಡಿ ನೋಡಿ ಕಲಿತೆ, ಗಂಜಿಗೆ ನಿಂಬೆ ಉಪ್ಪು ಬೆರೆಸಿ, ಒಣಗಿದ ಹಾಳೆಯನ್ನು ಓವನ್ನಿನಲ್ಲಿ ಹದವಾಗಿ ಕಾಯಿಸಿದರೆ ಪಿಷ್ಟದ ಎಳೆಗಳು ಒಂದರ ಕೈಯನ್ನೊಂದು ಹಿಡಿದುಕೊಳ್ಳುತ್ತವೆ, ನಡುವೆ ನೀರಿಗೆ ಜಾಗ ಕೊಡುವುದಿಲ್ಲ, ಹೊಸ ಚೀಲಕ್ಕೆ ನೀರು ತುಂಬಿ ಇವರೇ ಮೊಳೆಗೆ ನೇತುಹಾಕಿದರು, ಸಂಜೆಯವರೆಗೂ ಸೋರಲಿಲ್ಲ, ಗೆದ್ದೆ ಕಣೇ ಎಂದರು, ಆ ವಾರವೇ ಎದೆ ಹಿಡಿದುಕೊಂಡು ಕುಸಿದರು. ಕರಗುವ ಹಳೆಯದು, ಕರಗದ ಹೊಸದು, ನೋಡಲು ಎರಡೂ ಒಂದೇ ಮಂಜು ಬಣ್ಣ, ಒಂದೇ ಶೆಲ್ಫು. ಅಸ್ಥಿ ಬಿಡಲು ಪಶ್ಚಿಮವಾಹಿನಿಗೆ ಹೊರಟಾಗ ಕುಡಿಕೆ ಯಾಕೆ ಅತ್ತಿಗೆ, ಅಣ್ಣನ್ನ ನಿಮ್ ಚೀಲ್ದಲ್ಲೇ ಕಳ್ಸೋಣ ಎಂದ ಮೈದುನ ಈಶ್ವರ, ಮೇಲಿದ್ದದ್ದನ್ನು ಎಳೆದುಕೊಂಡೆ, ನಾನೇ ತುಂಬಿದೆ, ನಾನೇ ಗಂಟು ಹಾಕಿದೆ, ನದೀಲಿ ಪ್ಲಾಸ್ಟಿಕ್ ಬಿಡ್ಬಾರ್ದಮ್ಮಾ ಎಂದರು ಶಾಸ್ತ್ರಿಗಳು, ಕರಗತ್ತೆ ಸ್ವಾಮಿ, ನೋಡ್ತಾ ಇದ್ದಂಗೇ ಕರಗತ್ತೆ ಎಂದೆ, ಅಂಗಡಿ ಅಂಗಡಿಗೆ ಹೇಳಿ ಹೇಳಿ ಬಾಯಿಪಾಠವಾದ ಮಾತು — ಈಶ್ವರ ಮುಳುಗಿ ಎದ್ದು ಚೀಲ ನೀರಿಗೆ ಬಿಟ್ಟ, ತಿರುಗಿ ನೋಡ್ದೆ ಹತ್ತಿ ಬನ್ನಿ ಎಂದರು ಶಾಸ್ತ್ರಿಗಳು, ನಾನು ನೋಡಿದೆ, ತೇಲುತ್ತಿತ್ತು, ಗಾಳಿಗೆ ಉಬ್ಬಿ, ಗಂಟು ಮೇಲಾಗಿ, ಹೊಸದು ಅದು, ಹೊಸದು, ಅತ್ತಿಗೇ ಬನ್ನಿ, ಬಂದೆ, ಯಾರಿಗೂ ಹೇಳಲಿಲ್ಲ, ಮದ್ದೂರಿನಲ್ಲಿ ಕಾಫಿ ಕುಡಿದೆ, ಬಿಸಿಯಿತ್ತೋ ಇಲ್ಲವೋ, ಲೋಟದೊಳಗೂ ಅದೇ ತೇಲುತ್ತಿತ್ತು, ಕರ್ಮಾಂತರವೆಲ್ಲ ಮುಗಿಯಿತು, ಇವರ ಫೋಟೋ ನೋಡಿ ಶೀನಣ್ಣ ಪುಣ್ಯವಂತ, ಕಾವೇರಿ ಸೇರಿದ ಎಂದರು ಬಂದವರು, ಹೌದು ಎಂದೆ.

ಫೋನು, ಗಾಂಧಿಬಜಾರಿನ ಹೂವಿನಂಗಡಿ ಮಹಾನಂದ, ಅಕ್ಕಾ, ಇಂಥಾ ಹೊತ್ತಲ್ಲಿ ಕೇಳ್ಬಾರ್ದು, ಒದ್ದೆ ಹೂವಿಗೆ ನಿಮ್ ಹೊಸಾ ಕವರೇ ಬೇಕು, ನೀರಲ್ಲಿ ಎಷ್ಟ್ ದಿನ ತಡ್ಯತ್ತೆ ಅಕ್ಕಾ — ಎಷ್ಟು ದಿನ, ನಾವು ನೋಡಿದ್ದು ಸಂಜೆಯವರೆಗೆ, ಆಮೇಲೆ ಯಾರೂ ನೋಡಿಲ್ಲ, ಈಗ ಯಾವ ಕಲ್ಲಿಗೆ ತಗುಲಿದೆಯೋ, ಯಾವ ಜೊಂಡಿಗೋ — ಹಲೋ, ಅಕ್ಕಾ, ಕೇಳಿಸ್ತಾ — ಉಬ್ಬಿದ ಚೀಲ, ಸುತ್ತ ಅಷ್ಟು ನೀರು, ನನ್ನ ಗಂಟು, ಒಳಗೆ ಇವರು ಒಣಗಿಯೇ